ನಮೂನೆ–2ರಿಂದ ಶುರುವಾಗುವ ಪರೀಕ್ಷೆ

ನಮೂನೆ–2 ಎಂಬ ಒಂದು ಹಾಳೆ ಇದೆ. ಅಭ್ಯರ್ಥಿ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಯಾವ ಊರಿನ ಯಾವ ಶಾಲೆಯಲ್ಲಿ, ಯಾವ ವರ್ಷದಿಂದ ಯಾವ ವರ್ಷದ ತನಕ ಓದಿದ್ದಾರೆ, ಆ ಶಾಲೆ ಇದ್ದದ್ದು ಗ್ರಾಮೀಣ ಪ್ರದೇಶದಲ್ಲೇ ಎಂಬುದನ್ನು ಮುಖ್ಯ ಶಿಕ್ಷಕರು ದೃಢಪಡಿಸಿ ಸಹಿ ಹಾಕಬೇಕು, ಮೊಹರು ಒತ್ತಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೀಳಬೇಕು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆಂದು ಇಟ್ಟಿರುವ ಶೇ 25ರ ಪಾಲು ಸಿಗುವುದು ಈ ಹಾಳೆ ಕೈಯಲ್ಲಿದ್ದವರಿಗೆ ಮಾತ್ರ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಶೇ 5ರ ಪಾಲಿಗೂ ಇಂಥದೇ ಇನ್ನೊಂದು ಹಾಳೆ ಬೇಕು, ಅದಕ್ಕೂ ಅದೇ ಎರಡು ಸಹಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಈ ಎರಡು ಹಾಳೆಗೂ ಹಕ್ಕುದಾರರಾದ ಹುಡುಗ ಹುಡುಗಿಯರು ಸಿಗುತ್ತಾರೆ. ಪದವಿ ಮುಗಿಸಿದ್ದಾರೆ, ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್ಐ, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಎಫ್‌ಡಿಎ, ಎಸ್‌ಡಿಎ ಎಂದು ಒಂದಾದ ಮೇಲೊಂದು ಪರೀಕ್ಷೆಗೆ ಓದುತ್ತಿದ್ದಾರೆ. ಇತಿಹಾಸದ ಇಸವಿಗಳು ಬಾಯಲ್ಲಿವೆ, ಸಂವಿಧಾನದ ವಿಧಿಗಳು ಬಾಯಲ್ಲಿವೆ. ‘ನಮೂನೆ–2 ಮಾಡಿಸಿದ್ದೀಯಾ?’ ಎಂದು ಕೇಳಿದರೆ ಮಾತ್ರ ‘ಕಾಲ್‌ಫರ್ ಆದ ಮೇಲೆ ಮಾಡಿಸಿದರಾಯ್ತು’ ಎನ್ನುತ್ತಾರೆ. ಈ ತಾಲ್ಲೂಕುಗಳ ಎಷ್ಟೋ ಮಕ್ಕಳ ನೌಕರಿ ಪರೀಕ್ಷಾ ಕೊಠಡಿಯ ಬಾಗಿಲಿಗೆ ಬರುವ ಮುಂಚೆಯೇ ಕೈತಪ್ಪುವುದು ಈ ಒಂದು ಮಾತಿನಿಂದ. ಕೋಚಿಂಗ್ ಸೆಂಟರುಗಳು ಇದನ್ನು ಪಾಠ ಮಾಡುವುದು ಅಪರೂಪ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಇದಕ್ಕೇ ಮೀಸಲು.

ಕಾಲ್‌ಫರ್ (ನೇಮಕಾತಿ ಅಧಿಸೂಚನೆ) ಆದ ಮೇಲೆ ಏನಾಗುತ್ತದೆ ನೋಡಿ. ಅರ್ಜಿ ಹಾಕಲು ಸಾಮಾನ್ಯವಾಗಿ ಒಂದು ತಿಂಗಳ ಅವಧಿ. ಮೊದಲ ಎರಡು ವಾರ ಅರ್ಹತೆ ಏನು, ಸಿಲೆಬಸ್ ಏನು ಎಂಬ ವಾಟ್ಸ್‌ಆ್ಯಪ್ ಚರ್ಚೆಯಲ್ಲೇ ಕಳೆದುಹೋಗುತ್ತದೆ. ಆಮೇಲೆ ಶಾಲೆ ನೆನಪಾಗುತ್ತದೆ. ನಾಲ್ಕನೇ ತರಗತಿವರೆಗೆ ಸ್ವಂತ ಊರಿನ ಶಾಲೆ, ಏಳರವರೆಗೆ ಪಕ್ಕದೂರಿನದು, ಹೈಸ್ಕೂಲು ಹೋಬಳಿ ಕೇಂದ್ರದಲ್ಲಿ. ಮೂರು ಕಡೆಯೂ ದಾಖಲಾತಿ ಪುಸ್ತಕ ತೆಗೆಸಬೇಕು. ಮೊದಲನೆಯದು ಮಕ್ಕಳಿಲ್ಲದೆ ಮುಚ್ಚಿಹೋಗಿದ್ದರೆ ಅದರ ಪುಸ್ತಕ ಈಗ ಯಾವ ಶಾಲೆಯ ಬೀರುವಿನಲ್ಲಿದೆ ಎಂದು ಹುಡುಕಬೇಕು. ಮುಖ್ಯ ಶಿಕ್ಷಕರು ತರಬೇತಿಗೆ ಹೋಗಿರುತ್ತಾರೆ, ‘ಹೋದ ತಿಂಗಳೇ ಬರಬಾರದಾಗಿತ್ತೇನಪ್ಪ’ ಎನ್ನುತ್ತಾರೆ. ಬಿಇಒ ಕಚೇರಿಯಲ್ಲಿ ತಾಲ್ಲೂಕಿನ ಅರ್ಜಿದಾರರೆಲ್ಲ ಅದೇ ವಾರ ಬಂದು ನಿಂತಿರುತ್ತಾರೆ. ಅಧಿಸೂಚನೆಯಲ್ಲಿ ಮಾತ್ರ ಸ್ಪಷ್ಟವಾಗಿ ಬರೆದಿರುತ್ತದೆ: ಮೀಸಲಾತಿ ಪ್ರಮಾಣಪತ್ರಗಳನ್ನು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಪಡೆದಿರಬೇಕು. ಅರ್ಜಿಯಲ್ಲಿ ‘ಗ್ರಾಮೀಣ: ಹೌದು’ ಎಂದು ಗುರುತು ಹಾಕಿ, ಪರೀಕ್ಷೆ ಬರೆದು, ಆಯ್ಕೆಯ ಹೊಸ್ತಿಲಿಗೆ ಬಂದು, ದಾಖಲೆ ಪರಿಶೀಲನೆಯ ದಿನ ತಡವಾದ ದಿನಾಂಕದ ಹಾಳೆ ತೋರಿಸಿದರೆ ಆ ಮೀಸಲಾತಿ ನಿಲ್ಲುವುದಿಲ್ಲ. ಆಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ.

ಈ ಹಾಳೆಗಳ ನಿಯಮದಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸೂಕ್ಷ್ಮಗಳಿವೆ. ಗ್ರಾಮೀಣ ಮೀಸಲಾತಿಗೆ ಲೆಕ್ಕ ಓದಿದ ಊರಿನದು, ಹುಟ್ಟಿದ ಊರಿನದಲ್ಲ. ಹುಣಸೂರು ನಗರಸಭೆ, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಪುರಸಭೆಗಳು. ಇವುಗಳ ವ್ಯಾಪ್ತಿಯ ಶಾಲೆಯಲ್ಲಿ ಒಂದೇ ಒಂದು ವರ್ಷ ಓದಿದ್ದರೂ ಹತ್ತು ವರ್ಷದ ಸರಣಿ ತುಂಡಾಗುತ್ತದೆ. ಹಳ್ಳಿಯಲ್ಲೇ ಇರುವ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹತ್ತೂ ವರ್ಷ ಓದಿದವರಿಗೆ ಗ್ರಾಮೀಣ ಮೀಸಲಾತಿ ಉಂಟು, ಕನ್ನಡ ಮಾಧ್ಯಮದ್ದು ಇಲ್ಲ. ಹುಣಸೂರು ಪಟ್ಟಣದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ್ದು ಉಂಟು, ಗ್ರಾಮೀಣದ್ದು ಇಲ್ಲ. ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಎರಡೂ ಉಂಟು. ಈ ಎರಡೂ ಪಾಲು ಜಾತಿ ಪ್ರವರ್ಗಗಳ ಒಳಗೇ ಹಂಚಿಕೆಯಾಗುತ್ತವೆ: 3ಎ ಗ್ರಾಮೀಣ, 2ಎ ಗ್ರಾಮೀಣ, ಪರಿಶಿಷ್ಟ ಜಾತಿ ಕನ್ನಡ ಮಾಧ್ಯಮ ಎಂದು ಬೇರೆಬೇರೆ ಸಾಲುಗಳಿರುತ್ತವೆ. ಸಾಮಾನ್ಯ ಅರ್ಹತೆಯಲ್ಲಿ ಗ್ರಾಮೀಣ ಮೀಸಲಾತಿ ಕೇಳುವವರು ಮೇಲುಸ್ತರಕ್ಕೆ ಸೇರಿಲ್ಲ ಎಂಬುದಕ್ಕೆ ತಹಶೀಲ್ದಾರರಿಂದ ನಮೂನೆ–1 ಅನ್ನೂ ಪಡೆಯಬೇಕು. ಇದನ್ನು ಬಿಟ್ಟು ಬರೀ ನಮೂನೆ–2 ಹಿಡಿದು ಹೋದವರು ಕೊನೇ ಗಳಿಗೆಯಲ್ಲಿ ಪರದಾಡುತ್ತಾರೆ.

ಬೆಳಿಗ್ಗೆ ಹಳ್ಳಿಗಳಿಂದ ಪೇಟೆಯ ಕಾನ್ವೆಂಟಿಗೆ ಮಕ್ಕಳನ್ನು ಕರೆದೊಯ್ಯುವ ಹಳದಿ ವ್ಯಾನುಗಳನ್ನು ಕಂಡಾಗ ನನಗೆ ಇದೆಲ್ಲ ನೆನಪಾಗುತ್ತದೆ. ಐದನೇ ತರಗತಿಗೆ ಮಗುವನ್ನು ಪಟ್ಟಣದ ಶಾಲೆಗೆ ಹಾಕಿದ ತಂದೆ ಅದರ ಒಳಿತಿಗೇ ಹಾಕಿದ್ದಾರೆ, ಅದನ್ನು ತಪ್ಪು ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ತಂದೆ ‘ಏನಾದರೂ ಮಾಡಿ ಇವನನ್ನು ಗೌರ್ಮೆಂಟ್ ಕೆಲಸಕ್ಕೆ ಸೇರಿಸಬೇಕು’ ಎಂಬ ಆಸೆಯನ್ನೂ ಇಟ್ಟುಕೊಂಡಿರುತ್ತಾರೆ. ಆ ದಿನವೇ ಶೇ 25ರ ಒಂದು ಬಾಗಿಲು, ಶೇ 5ರ ಇನ್ನೊಂದು ಬಾಗಿಲು ಮುಚ್ಚಿತು ಎಂದು ಅವರಿಗೆ ಹೇಳಿದವರಿಲ್ಲ. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗಲೂ ಇದು ಚರ್ಚೆಗೆ ಬಂದದ್ದು ಕಡಿಮೆ. ಸರ್ಕಾರಿ ಶಾಲೆಯೇ ಆದರೂ ಇಂಗ್ಲಿಷ್ ವಿಭಾಗದಲ್ಲಿ ಓದಿದ ಮಗು ಕನ್ನಡ ಮಾಧ್ಯಮದ ಮೀಸಲಾತಿಗೆ ಬರುವುದಿಲ್ಲ. ಆರನೇ ತರಗತಿಗೆ ವಸತಿ ಶಾಲೆ ಸೇರಿ ಅಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಜಾಣ ಮಕ್ಕಳಿಗೂ ಇದೇ ಮಾತು. ಪೋಷಕರು ಏನನ್ನಾದರೂ ಆರಿಸಿಕೊಳ್ಳಲಿ, ತಿಳಿದು ಆರಿಸಿಕೊಳ್ಳಲಿ.

ಇಲ್ಲಿ ಶಿಕ್ಷಣ ಇಲಾಖೆಗೆ ನನ್ನದೊಂದು ನೇರ ಕೋರಿಕೆ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ವರ್ಗಾವಣೆ ಪತ್ರ, ಅಂಕಪಟ್ಟಿ ಕೊಡುವ ದಿನವೇ ನಮೂನೆ–2 ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಸಹಿ ಮಾಡಿಸಿ ಕೈಗಿಡಬೇಕು. ದಾಖಲಾತಿ ಪುಸ್ತಕ ಆಗ ಮೇಜಿನ ಮೇಲೆಯೇ ಇರುತ್ತದೆ, ಮಗುವನ್ನು ಬಲ್ಲ ಮೇಷ್ಟ್ರು ಅಲ್ಲಿಯೇ ಇರುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಅದೇ ಮಾಹಿತಿಗೆ ಅದೇ ಮಗು ಮೂರು ಊರು ಅಲೆಯುವುದು ಯಾರ ಅನುಕೂಲಕ್ಕೂ ಅಲ್ಲ.

ಉಳಿದ ಕಾಗದಗಳು ನಾಡಕಚೇರಿಯವು. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ–ಡಿ, ಪ್ರವರ್ಗ–1ಕ್ಕೆ ನಮೂನೆ–ಇ, 2ಎ, 2ಬಿ, 3ಎ, 3ಬಿಗೆ ನಮೂನೆ–ಎಫ್. ಕೊನೆಯದು ಆದಾಯಕ್ಕೆ ಅಂಟಿಕೊಂಡದ್ದು, ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ. ಡಿಗ್ರಿ ಸೇರುವಾಗ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ ಪತ್ರವನ್ನೇ ಪರೀಕ್ಷೆಗೂ ಹಾಕಿ, ಅದು ಸತ್ತು ಎಷ್ಟೋ ಕಾಲವಾಗಿದೆ ಎಂದು ಪರಿಶೀಲನೆಯ ದಿನ ಗೊತ್ತಾದರೆ ಮೀಸಲಾತಿಯ ಹಕ್ಕು ಅಲ್ಲಿಗೇ ಬಿತ್ತು. ಆನ್‌ಲೈನ್ ಅರ್ಜಿ ಈಗ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನೇ ಕೇಳುತ್ತದೆ. ಆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ತೊಂದರೆ. ಅರ್ಜಿಯನ್ನು ಸೈಬರ್ ಸೆಂಟರಿನವರಿಗೆ ಒಪ್ಪಿಸಿ ಹೊರಗೆ ಟೀ ಕುಡಿಯಲು ಹೋಗುವವರನ್ನು ಕಂಡರೆ ಹೇಳಬೇಕೆನ್ನಿಸುತ್ತದೆ: ಪಕ್ಕದಲ್ಲೇ ಕೂತು, ಸಲ್ಲಿಸುವ ಮುಂಚೆ ಒಂದೊಂದು ಸಾಲನ್ನೂ ನೀವೇ ಓದಿ. ಅವರಿಗೆ ಅದು ದಿನದ ನಲವತ್ತನೇ ಅರ್ಜಿ, ನಿಮಗೆ ಒಂದೇ. ಹೆಸರಿನ ಇನಿಷಿಯಲ್ಲು ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಪಡಿಸಿಕೊಳ್ಳಿ. ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಪದವಿಯ ಕೊನೇ ಸೆಮಿಸ್ಟರಿನ ಫಲಿತಾಂಶ ಅರ್ಜಿಯ ಕೊನೇ ದಿನದೊಳಗೆ ಬಂದಿರದಿದ್ದರೆ ಪದವಿ ಕೇಳುವ ಹುದ್ದೆಗೆ ನೀವು ಅರ್ಹರಲ್ಲ ಎಂಬುದೂ ನೆನಪಿರಲಿ.

ಎಚ್.ಡಿ. ಕೋಟೆಗೆ ಬಂದರೆ ಮಾತು ಇನ್ನಷ್ಟು ಗಂಭೀರ. 1974ರಲ್ಲಿ ಬೀಚನಹಳ್ಳಿಯ ಬಳಿ ಮುಗಿದ ಕಬಿನಿ ಅಣೆಕಟ್ಟೆಯ ನೀರಿಗೆ ಊರುಗಳು ಮುಳುಗಿದವು, ಆ ಸೀಮೆಯಲ್ಲೇ ನುಗು, ತಾರಕ ಜಲಾಶಯಗಳೂ ಇವೆ. ಯೋಜನೆಗಳಿಂದ ನಿರಾಶ್ರಿತರಾದ ಕುಟುಂಬಗಳಿಗೆ ‘ಸಿ’ ಮತ್ತು ‘ಡಿ’ ಗುಂಪಿನ ನೇರ ನೇಮಕಾತಿಯಲ್ಲಿ ಶೇ 5ರ ಮೀಸಲಾತಿ ಇದೆ, ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು. ಮುಳುಗಿದ ಜಮೀನಿನ ಪರಿಹಾರದ ಕಾಗದ ಅಟ್ಟದ ಮೇಲಿನ ಟ್ರಂಕಿನಲ್ಲಿ ಬಿದ್ದಿರುವ ಮನೆಯವರು ಅದನ್ನು ತೆಗೆದು, ತಮ್ಮ ತಲೆಮಾರಿಗೆ ಈ ಹಕ್ಕು ಅನ್ವಯಿಸುತ್ತದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಬೇಕು.

ನಾಗರಹೊಳೆಯ ಅಂಚಿನ ಹಾಡಿಗಳ ಮಕ್ಕಳದು ಮತ್ತೊಂದು ಬಗೆಯ ಪಾಡು. ರಾಜ್ಯದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಎರಡು ಸಮುದಾಯಗಳನ್ನು: ಜೇನುಕುರುಬ ಮತ್ತು ಕೊರಗ. ಜೇನುಕುರುಬರು ಹೆಚ್ಚಾಗಿ ಇರುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮತ್ತು ಪಕ್ಕದ ಕೊಡಗಿನಲ್ಲಿ. ಬೆಟ್ಟಕುರುಬರ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಕಾಡುಕುರುಬ’ ಎಂದಷ್ಟೇ ಇತ್ತು. ತಮ್ಮನ್ನು ತಾವು ಬೆಟ್ಟಕುರುಬರೆಂದು ಹೇಳಿಕೊಂಡು ಬಂದವರು ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಕಷ್ಟಪಟ್ಟರು. 2022ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟ ಮೇಲೆ ‘ಬೆಟ್ಟಕುರುಬ’ ಎಂಬ ಹೆಸರೂ ಪಟ್ಟಿಗೆ ಬಂತು. ಒಂದು ಹೆಸರು ಸೇರಲು ಇಷ್ಟು ಕಾಲ ಹಿಡಿಯಿತಲ್ಲ, ಆ ಅವಧಿಯಲ್ಲಿ ವಯಸ್ಸು ಮೀರಿದವರ ಪಾಲಿಗೆ ಅದು ಬಂದರೂ ಬಂದಂತಲ್ಲ. ಈಗಲಾದರೂ ಹಾಡಿಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳಿಗೆ ಪೊಲೀಸ್ ನೇಮಕಾತಿಯ ನಿಯಮ ತಿಳಿಸಬೇಕು. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರ ಎತ್ತರ 168 ಸೆಂ.ಮೀ., ಮಹಿಳೆಯರದು 157 ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಧಿಸೂಚನೆ ಹೆಸರಿಸಿದ ಬುಡಕಟ್ಟುಗಳ ಅಭ್ಯರ್ಥಿಗಳಿಗೆ ಅದು 155 ಮತ್ತು 150ಕ್ಕೆ ಇಳಿಯುತ್ತದೆ, ವಯಸ್ಸಿನ ಮಿತಿಯೂ 30ರವರೆಗೆ ಏರುತ್ತದೆ. ‘ನಾನು ಕುಳ್ಳ, ನನಗೆಲ್ಲಿ ಪೊಲೀಸ್ ಕೆಲಸ’ ಎಂದು ಅರ್ಜಿಯನ್ನೇ ಹಾಕದೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಹುಡುಗನಿಗೆ ಈ ಎರಡು ಸಾಲನ್ನು ಓದಿ ಹೇಳುವವರು ಬೇಕು. ಆಶ್ರಮ ಶಾಲೆಯ ಮೇಷ್ಟ್ರಿಗೆ, ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರಿಗೆ ಇದು ಹೊರೆಯ ಕೆಲಸವಲ್ಲ.

ಮೀಸಲಾತಿ ಎಂದಾಗ ಈ ನೆಲದ ಋಣವನ್ನೂ ನೆನೆಯಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಸಿವಿಲ್ ಸರ್ವಿಸಿಗೆ ಆಯ್ಕೆ ಮಾಡುವ ಪದ್ಧತಿ ಹತ್ತೊಂಬತ್ತನೇ ಶತಮಾನದ ಕೊನೆಗೇ ಬಂದಿತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಪರೀಕ್ಷೆ ಗೆದ್ದೇ ಅಧಿಕಾರಿಯಾದವರು. ಆದರೆ ಓದಿನ ದಾರಿ ತೆರೆದಿದ್ದು ಕೆಲವೇ ಜಾತಿಗಳಿಗೆ, ಆದ್ದರಿಂದ ಗೆಲ್ಲುತ್ತಿದ್ದವರೂ ಅವರೇ. ಇದನ್ನು ಸರಿಪಡಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಕೆ.ಆರ್. ನಗರಕ್ಕೆ ಇರುವುದು ಅವರದೇ ಹೆಸರು. ಅರ್ಧ ಶತಮಾನದ ಬಳಿಕ ಹಿಂದುಳಿದ ವರ್ಗಗಳಿಗಾಗಿ ಎಲ್.ಜಿ. ಹಾವನೂರ್ ಆಯೋಗ ರಚಿಸಿದ ಮುಖ್ಯಮಂತ್ರಿ ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಇನ್ನು ಹಳ್ಳಿಯ ಲೆಕ್ಕ ಬರೆಯುವ ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿದ್ದ ಹಕ್ಕಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಅದನ್ನು ತೆಗೆದುಹಾಕಿತು, ಗ್ರಾಮ ಲೆಕ್ಕಿಗರು ಬಂದರು, ಈಗ ಆ ಹುದ್ದೆ ಗ್ರಾಮ ಆಡಳಿತಾಧಿಕಾರಿ. ಇತ್ತೀಚಿನವರೆಗೂ ಈ ಹುದ್ದೆಗೆ ಪಿಯುಸಿ ಅಂಕಗಳ ಮೇಲೆ ಆಯ್ಕೆ ನಡೆಯುತ್ತಿತ್ತು, ನಗರದ ದೊಡ್ಡ ಕಾಲೇಜುಗಳಲ್ಲಿ ಓದಿ ಶೇ 95 ದಾಟಿದವರ ಮುಂದೆ ಪಿರಿಯಾಪಟ್ಟಣದ ಸರ್ಕಾರಿ ಪಿಯು ಕಾಲೇಜಿನ ಹುಡುಗಿ ನಿಲ್ಲುವುದು ಕಷ್ಟವಿತ್ತು. 2024ರಲ್ಲಿ 1,000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆಯನ್ನೇ ನಡೆಸಿತು: ಮೊದಲು 150 ಅಂಕಗಳ ಕಡ್ಡಾಯ ಕನ್ನಡ, ಅದರಲ್ಲಿ 50 ಬಂದರಷ್ಟೇ ಮುಂದಿನ ಲೆಕ್ಕ. ಆಮೇಲೆ ತಲಾ 100 ಅಂಕಗಳ ಎರಡು ಪತ್ರಿಕೆ. ಇದು ಹಳ್ಳಿಯ ಮಕ್ಕಳಿಗೆ ಸಿಕ್ಕ ನ್ಯಾಯ ಎಂದೇ ನಾನು ಭಾವಿಸುತ್ತೇನೆ. ಪಿಯುಸಿಯಲ್ಲಿ ಎಡವಿದವರಿಗೂ ಮತ್ತೊಮ್ಮೆ ಎದ್ದು ನಿಲ್ಲುವ ಅವಕಾಶ ಅದರಲ್ಲಿದೆ.

ಹಾಗಂತ ಅಂಕಗಳ ಕಾಲ ಮುಗಿಯಿತೆಂದಲ್ಲ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೇ ತರಗತಿಯ ಅಂಕವೇ ಆಧಾರ, ಬೇರೆ ಪರೀಕ್ಷೆಯಿಲ್ಲ. ಕಾಡಂಚಿನ ಹುಡುಗರು ಆಸೆಪಡುವ ಗಸ್ತು ಅರಣ್ಯ ಪಾಲಕ ಹುದ್ದೆಯಲ್ಲಿ ಪಿಯುಸಿ ಅಂಕಕ್ಕೆ ಭಾರಿ ತೂಕ. ಹತ್ತನೇ ತರಗತಿಯಲ್ಲಿರುವ ತಮ್ಮ ತಂಗಿಯರಿಗೆ ಇದನ್ನು ಹೇಳಿ.

ಈಗ ಓದಿನ ವಿಷಯ. ಈ ತಾಲ್ಲೂಕುಗಳ ಓದಿಗೆ ಹೊಗೆಸೊಪ್ಪಿನ ಪಂಚಾಂಗವೊಂದಿದೆ, ಮೈಸೂರಿನ ಅಥವಾ ಬೆಂಗಳೂರು ವಿಜಯನಗರದ ಕೋಚಿಂಗ್ ಸೆಂಟರಿನ ವೇಳಾಪಟ್ಟಿ ಅದಕ್ಕೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಬಂದೊಡನೆ ನಾಟಿ, ಜುಲೈಯಿಂದ ಸೊಪ್ಪು ಮುರಿಯುವುದು, ಬ್ಯಾರನ್‌ನಲ್ಲಿ ಬೇಯಿಸುವುದು, ಆಮೇಲೆ ಗ್ರೇಡು ಮಾಡಿ ಬೇಲು ಕಟ್ಟಿ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಹರಾಜು ಮಾರುಕಟ್ಟೆಗೆ ಸಾಗಿಸುವುದು. ಬೇಯಿಸುವ ಕಾಲದಲ್ಲಿ ಮನೆಮಂದಿಗೆ ನಿದ್ದೆಯಿಲ್ಲ. ಒಂದು ಸಲ ಏರಿಸಿದ ಸೊಪ್ಪು ಐದಾರು ದಿನ ಬೆಂಕಿಯ ಶಾಖದಲ್ಲಿರಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟೇ ಹಿತವಾದ ಶಾಖ, ಆಮೇಲೆ ಮೆಲ್ಲಗೆ ಏರಿಸುತ್ತ ಕೊನೆಗೆ ಎಲೆಯ ನಡುನರ ಒಣಗುವಷ್ಟು. ರಾತ್ರಿಯಿಡೀ ಯಾರಾದರೊಬ್ಬರು ಥರ್ಮಾಮೀಟರ್ ನೋಡಿ ಸೌದೆ ತಳ್ಳುತ್ತಿರಬೇಕು. ಮನೆಯಲ್ಲಿ ಓದುತ್ತಿರುವ ಮಗನಿದ್ದರೆ ಆ ಪಾಳಿ ಅವನದೇ. ಬ್ಯಾರನ್ನಿನ ಒಲೆಯ ಮುಂದೆ ಮೊಬೈಲಿನ ಟಾರ್ಚ್ ಹಚ್ಚಿಕೊಂಡು, ಮೊಣಕಾಲ ಮೇಲೆ ಮಾನಸಿಕ ಸಾಮರ್ಥ್ಯದ ಪುಸ್ತಕ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಎದ್ದು ಶಾಖ ನೋಡಿ ಬಂದು ಮತ್ತೆ ಲೆಕ್ಕಕ್ಕೆ ಕೂರುವ ಹುಡುಗರು ಈ ಸೀಮೆಯಲ್ಲಿದ್ದಾರೆ. ಹುಡುಗಿಯರಿಗೆ ಹಗಲು ಸೊಪ್ಪು ಕಟ್ಟುವ ಕೆಲಸ, ಅಡಿಗೆ, ದನಕರು. ಪುಸ್ತಕ ಹಿಡಿಯುವಾಗ ರಾತ್ರಿ ಹತ್ತು. ಕೆ.ಆರ್. ನಗರದ ಕಾವೇರಿ ಬಯಲಿನಲ್ಲಿ ಇದೇ ಜಾಗಕ್ಕೆ ಭತ್ತದ ನಾಟಿ, ಕೊಯ್ಲು ಬರುತ್ತವೆ.

ಆದ್ದರಿಂದ ಈ ಮನೆಗಳ ಮಕ್ಕಳು ಓದನ್ನು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಹರಾಜು ಮುಗಿದು ಹೊಲ ಖಾಲಿಯಾಗುವ ಬೇಸಿಗೆಯ ತಿಂಗಳುಗಳು ಹೊಸ ವಿಷಯ ಕಲಿಯಲು. ಅರ್ಥಶಾಸ್ತ್ರ, ವಿಜ್ಞಾನ, ಸಂವಿಧಾನದಂಥ ಕೂತು ಅರ್ಥಮಾಡಿಕೊಳ್ಳಬೇಕಾದವು ಆಗ. ಜುಲೈಯಿಂದ ಮುಂದೆ ಹೊಸದಕ್ಕೆ ಕೈಹಾಕದೆ, ಓದಿದ್ದನ್ನೇ ತಿರುವಿಹಾಕುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಕನ್ನಡ ವ್ಯಾಕರಣ, ಲೆಕ್ಕ. ಇವನ್ನು ಅರ್ಧರ್ಧ ಗಂಟೆಯ ತುಂಡುಗಳಲ್ಲೂ ಮಾಡಬಹುದು. ದಿನಕ್ಕೆ ಹದಿನಾರು ಗಂಟೆ ಓದಿದೆ ಎಂದು ಯೂಟ್ಯೂಬಿನಲ್ಲಿ ಹೇಳುವ ರ‍್ಯಾಂಕು ವಿಜೇತರ ಮಾತು ಕೇಳಿ ಕುಗ್ಗಬೇಡಿ.

ಪುಸ್ತಕ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ರಾಜ್ಯ ಸರ್ಕಾರದ ಆರರಿಂದ ಹತ್ತನೇ ತರಗತಿವರೆಗಿನ ಸಮಾಜ ವಿಜ್ಞಾನ, ವಿಜ್ಞಾನ ಪಠ್ಯಗಳು, ಆಮೇಲೆ ಪಿಯುಸಿಯ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಇವನ್ನು ಗೆರೆ ಎಳೆದು, ಟಿಪ್ಪಣಿ ಮಾಡಿ ಮುಗಿಸದೆ ಗೈಡು ಕೊಳ್ಳಬಾರದು. ಇದರ ಜೊತೆಗೆ ದಿನಾ ಒಂದು ಕನ್ನಡ ಪತ್ರಿಕೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅದಕ್ಕೆ ಕಾಸು ಕೊಡಬೇಕಿಲ್ಲ. ಕರ್ನಾಟಕ ಲೋಕಸೇವಾ ಆಯೋಗ ಮತ್ತು ಪರೀಕ್ಷಾ ಪ್ರಾಧಿಕಾರದ ಹಳೆಯ ಪ್ರಶ್ನೆಪತ್ರಿಕೆಗಳು ಜಾಲತಾಣದಲ್ಲೇ ಸಿಗುತ್ತವೆ. ಟೆಲಿಗ್ರಾಂ ಗುಂಪುಗಳಿಂದ ಪಿಡಿಎಫ್ ಇಳಿಸಿಕೊಂಡು ಮೊಬೈಲ್ ತುಂಬಿಸುವುದನ್ನು ಓದು ಎಂದುಕೊಂಡವರು ಬಹಳ. ನೂರು ಪಿಡಿಎಫ್‌ಗಿಂತ ಹತ್ತು ಸಲ ಬಿಡಿಸಿದ ಹತ್ತು ಹಳೆಯ ಪತ್ರಿಕೆ ಮೇಲು. ಬಿಡಿಸುವಾಗ ಗಡಿಯಾರ ಇರಲಿ, ಜೆರಾಕ್ಸ್ ಮಾಡಿದ ಒಎಂಆರ್ ಹಾಳೆ ಇರಲಿ, ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯಿರಿ. ನೆಗೆಟಿವ್ ಅಂಕದ ಪೆಟ್ಟು ಹೇಗಿರುತ್ತದೆಂದು ಮನೆಯಲ್ಲೇ ಗೊತ್ತಾಗಬೇಕು: 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿ 16 ತಪ್ಪಾದರೆ, ಸರಿಯಾದ ನಾಲ್ಕರ ಅಂಕ ಪೂರ್ತಿ ಹೋಯಿತು.

ಕನ್ನಡದಲ್ಲಿ ಓದಿದವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಕನ್ನಡ ಅನುವಾದದ ದೋಷಗಳಿಂದ ದೊಡ್ಡ ಗದ್ದಲವಾಗಿ ಸರ್ಕಾರ ಮರುಪರೀಕ್ಷೆ ಮಾಡಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು ಎದ್ದಿತು. ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆ ಅರ್ಥವಾಗದಂತಿರುವುದು ಅನ್ಯಾಯ, ಅದನ್ನು ಬೀದಿಗಿಳಿದು ಕೇಳಿದ ಅಭ್ಯರ್ಥಿಗಳು ಸರಿಯಾದದ್ದನ್ನೇ ಮಾಡಿದರು. ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ರೂಪಿಸುವ ತನಕ ಇದು ನಿಲ್ಲುವುದಿಲ್ಲ. ಅಲ್ಲಿಯವರೆಗೆ ಕೊಠಡಿಯೊಳಗೆ ನಮ್ಮ ಮಕ್ಕಳು ಉಳಿಯಬೇಕಲ್ಲ: ಪ್ರಶ್ನೆಪುಸ್ತಿಕೆಯಲ್ಲಿ ಎರಡೂ ಭಾಷೆ ಇರುತ್ತವೆ, ಕನ್ನಡದ ವಾಕ್ಯ ತೊಡಕೆನಿಸಿದರೆ ಕೂಡಲೇ ಪಕ್ಕದ ಇಂಗ್ಲಿಷ್ ಸಾಲನ್ನು ನೋಡಬೇಕು. ಅದಕ್ಕಾಗಿ ಓದುವಾಗಲೇ ಅರ್ಥಶಾಸ್ತ್ರ, ವಿಜ್ಞಾನ, ಸಂವಿಧಾನದ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಳ್ಳಿ. ಕೇಂದ್ರದ ಪರೀಕ್ಷೆಗಳ ಕಡೆಗೂ ಕಣ್ಣಿರಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು, ಗ್ರಾಮೀಣ ಬ್ಯಾಂಕಿನ ಪರೀಕ್ಷೆಯಲ್ಲೂ ಕನ್ನಡವಿದೆ. ನಮ್ಮ ಹುಡುಗರು ಅತ್ತ ಹೋಗುವುದು ಇನ್ನೂ ಕಡಿಮೆ.

ಪೊಲೀಸ್ ಕೆಲಸಕ್ಕೆ ಓದುವವರು ಮೈದಾನವನ್ನು ಲಿಖಿತ ಪರೀಕ್ಷೆಯ ನಂತರಕ್ಕೆ ಮುಂದೂಡಬಾರದು. ಪುರುಷರಿಗೆ 1,600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರಿಗೆ 400 ಮೀಟರ್ 2 ನಿಮಿಷದಲ್ಲಿ. ಹೊಲದಲ್ಲಿ ದುಡಿದ ಮೈಗೆ ಓಟ ಸಲೀಸು ಎಂಬ ನಂಬಿಕೆಯಿಂದ ಹೋಗಿ ಮೂರನೇ ಸುತ್ತಿಗೆ ಕುಸಿದವರಿದ್ದಾರೆ. ಗುಂಡು ಎಸೆತಕ್ಕೆ, ಉದ್ದ ಜಿಗಿತಕ್ಕೆ ವಿಧಾನ ಕಲಿಯಬೇಕು, ಹೈಸ್ಕೂಲಿನ ಪಿ.ಇ. ಮೇಷ್ಟ್ರನ್ನು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಕೋಚಿಂಗಿಗೆ ಹೋಗಬೇಕೇ? ಹೊಗೆಸೊಪ್ಪಿನ ದುಡ್ಡು ಬಂದ ವರ್ಷ ಮಗನನ್ನು ವಿಜಯನಗರಕ್ಕೋ ಧಾರವಾಡಕ್ಕೋ ಕಳಿಸಿ, ಮಾರನೇ ವರ್ಷ ರೇಟು ಬಿದ್ದಾಗ ಸಾಲ ಮಾಡಿ ಕೊಠಡಿ ಬಾಡಿಗೆ ಕಟ್ಟುವ ಮನೆಗಳಿವೆ. ಶಿಸ್ತು ಮತ್ತು ಜೊತೆಗಾರರು ಅಲ್ಲಿ ಸಿಗುತ್ತಾರೆ, ನಿಜ. ಆದರೆ ಊರಲ್ಲೇ ನಾಲ್ಕು ಜನ ಸೇರಿ, ಶಾಲೆಯ ಒಂದು ಕೊಠಡಿ ಕೇಳಿಕೊಂಡು, ವಾರಕ್ಕೊಂದು ಪತ್ರಿಕೆ ಬಿಡಿಸಿ ಪರಸ್ಪರ ತಿದ್ದಿಕೊಂಡರೆ ಅದರ ಬಹುಪಾಲು ಇಲ್ಲಿಯೇ ದಕ್ಕುತ್ತದೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಪ್ರವೇಶ ಪರೀಕ್ಷೆ ನಡೆಸಿ ಆಯ್ದವರಿಗೆ ಉಚಿತ ತರಬೇತಿಯ ಜೊತೆಗೆ ಶಿಷ್ಯವೇತನವನ್ನೂ ಕೊಡುತ್ತವೆ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲೂ ತರಬೇತಿ ಕೇಂದ್ರವಿದೆ. ಕೆ.ಆರ್. ನಗರದವರಿಗೆ ಮೈಸೂರಿಗೆ ರೈಲಿದೆ; ಉಳಿದ ಮೂರು ತಾಲ್ಲೂಕುಗಳಿಗೆ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಮೈಸೂರಿನ ಗ್ರಂಥಾಲಯಕ್ಕೆ ಹೋಗಿಬರಲು ಅಪ್ಪನ ಮುಂದೆ ಕೈಚಾಚಬೇಕಾಗಿಲ್ಲ. ಆ ಅನುಕೂಲವನ್ನು ಓದಿಗೆ ಬಳಸಿಕೊಳ್ಳಿ.

ಎಷ್ಟು ವರ್ಷ ಓದುವುದು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೇಳಬೇಕು. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಬರೆದವರು 54 ಸಾವಿರಕ್ಕೂ ಹೆಚ್ಚು, ಅಂದರೆ ಒಂದು ಹುದ್ದೆಗೆ ಸುಮಾರು ನೂರು ಜನ. ಅಷ್ಟೂ ಜನರ ಶ್ರಮವನ್ನು ಒಎಂಆರ್ ತಿದ್ದಿದವರು, ಬ್ಲೂಟೂತ್ ಬಳಸಿದವರು ಮಣ್ಣುಪಾಲು ಮಾಡಿದರು. ಆಯ್ಕೆಪಟ್ಟಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಗೆದ್ದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ನಿರಪರಾಧಿಗಳಾಗಿಯೇ ಶಿಕ್ಷೆ ಅನುಭವಿಸಿದರು. ಆಮೇಲೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗಲಿ ಎಂದು 2024ರ ಅಕ್ಟೋಬರಿನಿಂದ ಹೊಸ ಅಧಿಸೂಚನೆಗಳು ನಿಂತವು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದಕ್ಕೆ ಕಾಯಬೇಕಿತ್ತು. ಆದರೆ ವಯಸ್ಸು ಕಾಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 35, 2ಎಯಿಂದ 3ಬಿವರೆಗೆ 38, ಪರಿಶಿಷ್ಟ ಜಾತಿ, ಪಂಗಡ ಹಾಗೂ ಪ್ರವರ್ಗ–1ಕ್ಕೆ 40 ಎಂಬುದು ಸಾಮಾನ್ಯ ನಿಯಮ. ಕಾನ್‌ಸ್ಟೆಬಲ್‌ನಂಥ ಹುದ್ದೆಗೆ ಇನ್ನೂ ಬಹಳ ಕಡಿಮೆ. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಅದನ್ನೇ ನಂಬಿ ಕೂರುವುದು ತರವಲ್ಲ. 38ರವರೆಗೆ ಅರ್ಜಿ ಹಾಕಬಹುದು ಎಂದರೆ 38ರವರೆಗೆ ಬೇರೇನೂ ಮಾಡದೆ ಇರಬೇಕು ಎಂದಲ್ಲ. ಮೂರು ವರ್ಷ ಮನಸ್ಸಿಟ್ಟು ಓದಿ; ನಾಲ್ಕನೇ ವರ್ಷದಿಂದ ಒಂದು ದುಡಿಮೆ ಹಿಡಿದು ಅದರ ಜೊತೆಗೆ ಓದಿ. ಅತಿಥಿ ಶಿಕ್ಷಕರಾಗಿ, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತ ಓದಿ ಗೆದ್ದವರು ಇದೇ ತಾಲ್ಲೂಕುಗಳಲ್ಲಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಬೇಡಿಕೆ: ಒಂದು ಪರೀಕ್ಷೆಯಲ್ಲಿ ಆಗಲಿಲ್ಲವೆಂದು ಮದುವೆಯ ಮಾತೆತ್ತಬೇಡಿ. ಮಹಿಳೆಯರಿಗೆ ಶೇ 33ರ ಮೀಸಲಾತಿ ಇದೆ, ಎರಡನೇ ಪ್ರಯತ್ನದಲ್ಲಿ ಅವಳು ಮೊದಲಿನ ಅಭ್ಯರ್ಥಿಯಾಗಿರುವುದಿಲ್ಲ.

ಪರೀಕ್ಷೆಯ ಹಿಂದಿನ ದಿನವೇ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲೋ ಸ್ನೇಹಿತರ ಕೊಠಡಿಯಲ್ಲೋ ಉಳಿಯುವುದು ಕ್ಷೇಮ, ಸರಗೂರಿನ ಆಚೆಯವರಿಗಂತೂ ಮೊದಲ ಬಸ್ಸನ್ನು ನಂಬುವಂತಿಲ್ಲ. ತಪಾಸಣೆ ಬಿಗಿಯಾಗಿದೆ, ತುಂಬುತೋಳಿನ ಅಂಗಿ, ಶೂ, ಒಡವೆಗಳ ಬಗ್ಗೆ ಪ್ರವೇಶಪತ್ರದಲ್ಲಿರುವ ಸೂಚನೆಯನ್ನು ಹಿಂದಿನ ರಾತ್ರಿಯೇ ಓದಿಕೊಳ್ಳಿ.

ಬರೆದು ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಅದನ್ನು ನಮ್ಮ ಕಡೆಯ ಮಕ್ಕಳು ಮಾಡುವುದೇ ಇಲ್ಲ. ಪರೀಕ್ಷೆ ಮುಗಿದ ಕೆಲ ದಿನಕ್ಕೆ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಅವಧಿ ಕೆಲವೇ ದಿನ. ಕೀ ಉತ್ತರದಲ್ಲಿ ತಪ್ಪು ಕಂಡರೆ ಆಧಾರ ಸಹಿತ ಬರೆದು ಕಳಿಸಬೇಕು, ಪಠ್ಯಪುಸ್ತಕದ ಆ ಪುಟದ ಪ್ರತಿಯನ್ನು ಲಗತ್ತಿಸಬೇಕು. ‘ದೊಡ್ಡವರು ತಪ್ಪು ಮಾಡಿರುತ್ತಾರಾ’ ಎಂಬ ಹಿಂಜರಿಕೆ ಬೇಡ, ಪರಿಷ್ಕೃತ ಕೀ ಉತ್ತರಗಳು ಬರುವುದೇ ಯಾರೋ ಹೀಗೆ ಬರೆದದ್ದರಿಂದ. ಕಾಲು ಅಂಕ, ಅರ್ಧ ಅಂಕದಲ್ಲಿ ಹತ್ತಾರು ಜನ ಹಿಂದೆ ಮುಂದೆ ಆಗುವ ಪಟ್ಟಿಯಲ್ಲಿ ಒಂದು ಪ್ರಶ್ನೆಯ ತೂಕ ಬಹಳ. ಸರ್ಕಾರಿ ಶಾಲೆಯ ಎಂಟನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ಪಂಚಾಯಿತಿ ಗ್ರಂಥಾಲಯದಲ್ಲಿ ಸಿಗುತ್ತದೆ, ಪುಟದ ಫೋಟೊ ಮೊಬೈಲಿನಲ್ಲೇ ತೆಗೆಯಬಹುದು, ಆಕ್ಷೇಪಣೆ ಕಳಿಸಿದ್ದಕ್ಕೆ ಸಿಗುವ ಸ್ವೀಕೃತಿಯನ್ನು ಅಂತಿಮ ಪಟ್ಟಿ ಬರುವ ತನಕ ತೆಗೆದಿಟ್ಟುಕೊಳ್ಳಿ.